ಬಿಳಿಕೋಟೆಯ ಕೊಂಬು

"ಈ ರಾವುತನ ಮೈ ಇಲ್ಲಿದೆ, ಮನಸ್ಸು ಬಿಳಿಕೋಟೆಯಲ್ಲಿದೆ. ನಾಳೆಯೇ ತೋರಿಸಿಕೊಡ್ತೀನಿ!" ಅಂತ ಮಂತ್ರಿ ತಿಪ್ಪರಸಯ್ಯ ತುಂಬಿದ ಸಭೆಯಲ್ಲಿ ತೊಡೆ ತಟ್ಟಿದ.

ಕೆಂಚರಾವುತ ಮೀಸೆ ಮೇಲೆ ಕೂತ ನೊಣ ಓಡಿಸಿಕೊಂಡ. ಬಿಳಿಕೋಟೆಯ ಕುದುರೆ ದಳಕ್ಕೆ ಅವನೇ ದಳವಾಯಿಯಾಗಿದ್ದವನು. ಇದೇ ಕರಡಿದುರ್ಗದ ದಂಡನ್ನು ಬೇಕಾದಷ್ಟು ಸಲ ಅಟ್ಟಾಡಿಸಿದ್ದ. ಅಲ್ಲಿಯ ಹಳೇ ದೊರೆ ತೀರಿಕೊಂಡ ಮೇಲೆ ಮಗರಾಯ "ಮುದುಕರು ಸಾಕು" ಅಂದುಬಿಟ್ಟ. ಕರಡಿದುರ್ಗದ ಓಬಳನಾಯಕ ದೊರೆಯೋ, "ನಮ್ಮನ್ನು ಇಷ್ಟು ಚೆನ್ನಾಗಿ ಬಡಿದವನು ಬೇರೆಯವರ ಪಾಲಾಗಬಾರದು" ಅಂತ ಕರೆಸಿ ತನ್ನ ಕುದುರೆ ದಳ ಒಪ್ಪಿಸಿದ. ಆ ಜಾಗದ ಮೇಲೆ ಅಳಿಯನಿಗಾಗಿ ಕಣ್ಣಿಟ್ಟಿದ್ದ ಮಂತ್ರಿಗೆ ಅವತ್ತಿನಿಂದ ನಿದ್ದೆಯಿಲ್ಲ.

"ಹೇಗೆ ತೋರಿಸ್ತೀರಿ?" ಅಂದ ದೊರೆ.

"ಸೆರೆಸಿಕ್ಕ ಬಿಳಿಕೋಟೆಯ ಕೊಂಬಿನವನು ನಮ್ಮಲ್ಲಿದ್ದಾನೆ. ಅವನನ್ನು ಹೊಳೆಯಾಚೆ ನಿಲ್ಲಿಸಿ ಹಳೇ ಕೊಂಬು ಊದಿಸೋಣ. ಕೇಳಿದ ಕೂಡಲೇ ಈತ ಅತ್ತ ಕುದುರೆ ಓಡಿಸ್ತಾನೆ, ನೋಡಿ! ಹೊಳೆ ದಾಟಿದವನ ತಲೆ ಹೋಗಬೇಕು."

ದೊರೆ ರಾವುತನ ಕಡೆ ನೋಡಿದ.

"ಆಗಲಿ ಪ್ರಭೂ," ಅಂದ ರಾವುತ. "ಒಂದೇ ಅನುಮಾನ. ನನ್ನ ಹೆಣ್ಣುಕುದುರೆ ಬಲು ಚುರುಕು. ನಾನು ಓಡಿದರೆ ಹಿಡಿಯೋರು ಯಾರು? ಮಂತ್ರಿಗಳೇ ತಮ್ಮ ಪಾರಿವಾಳದ ಮೇಲೆ ಪಕ್ಕದಲ್ಲಿದ್ದರೆ ವಾಸಿ."

ಪಾರಿವಾಳ ಅಂದರೆ ಹೋದ ಯುದ್ಧದಲ್ಲಿ ಬಿಳಿಕೋಟೆಯಿಂದ ಹಿಡಿದು ತಂದ ಬೂದು ಕುದುರೆ. ಸಿಕ್ಕಿದ್ದೇ ತಡ ಮಂತ್ರಿ ತನ್ನ ಮನೆಗೆ ಹೊಡೆದುಕೊಂಡು ಹೋಗಿದ್ದ. ಈಗ ಪಾಪ, ಅದರ ಪಕ್ಕೆಲುಬು ದೂರದಿಂದಲೂ ಕಾಣ್ತಿದ್ದವು.

"ಧಾರಾಳವಾಗಿ!" ಅಂದ ಮಂತ್ರಿ, ಖುಷಿಯಿಂದ.

ಬೆಳಗ್ಗೆ ಊರಿಗೆ ಊರೇ ಹೊಳೆದಂಡೆಗೆ ಬಂತು. ಕತ್ತಿ ಹಿರಿದ ಭಟರೂ ಬಂದರು. ಆಚೆ ದಡದಲ್ಲಿ ಕೊಂಬು ಮೊಳಗಿತು. ರಾವುತನ ಕೈ ಲಗಾಮಿನ ಮೇಲೆ ಬಿಗಿಯಾಯಿತು, ಕಣ್ಣು ಒದ್ದೆಯಾಯಿತು. ಅವನ ಕುದುರೆ ಕಿವಿಯನ್ನೂ ಅಲ್ಲಾಡಿಸಲಿಲ್ಲ.

ಪಾರಿವಾಳ ಮಾತ್ರ ಒಂದು ಸಲ ಕೆನೆದು ನೆಗೆಯಿತು.

"ಅಯ್ಯಯ್ಯೋ! ಹೋ! ನಿಲ್ಲೇ ಮುಂಡೇದೇ!" ಅನ್ನುತ್ತಾ ಮಂತ್ರಿ ಕುದುರೆಯ ಕತ್ತು ತಬ್ಬಿಕೊಂಡೇ ಹೊಳೆ ದಾಟಿದ. ಆಚೆ ದಡದಲ್ಲಿ ಕುದುರೆ ಕೊಂಬಿನವನ ಮಡಿಲನ್ನು ಮೂಸಿ ಮೂಸಿ ನೋಡುತ್ತಿತ್ತು. ಭಟರು ಮಂತ್ರಿಯನ್ನೂ ಕುದುರೆಯನ್ನೂ ಹಿಡಿದು ತಂದರು.

"ತಿಪ್ಪರಸಯ್ಯ, ಹೊಳೆ ದಾಟಿದವನ ತಲೆ ಏನಾಗಬೇಕು ಅಂದಿರಿ?" ಅಂದ ದೊರೆ.

"ದಾಟಿದ್ದು ಕುದುರೆ ಪ್ರಭೂ, ನಾನಲ್ಲ!" ಮಂತ್ರಿಯ ಪೇಟದಿಂದ ನೀರು ಸುರೀತಿತ್ತು.

"ಅದು ನಿಜ," ಅಂದ ರಾವುತ. "ಬಿಳಿಕೋಟೆಯಲ್ಲಿ ಈ ಕೊಂಬು ಊದಿ ಆಮೇಲೆ ಕುದುರೆಗಳಿಗೆ ಹುರುಳಿ ಇಡ್ತಿದ್ವಿ. ಆ ಪದ್ಧತಿ ಮಾಡಿದವನು ನಾನೇ. ಅವರ ತಲೆ ಉಳಿಸಬೇಕು."

"ಅದು ಸರಿ. ಕೊಂಬು ಕೇಳಿ ನಿನಗೇನೂ ಅನ್ನಿಸಲಿಲ್ಲವೆ?"

"ಸುಳ್ಳು ಯಾಕೆ ಹೇಳಲಿ, ಕರುಳು ಕಿವುಚಿದ ಹಾಗಾಯ್ತು. ಆದರೆ ನಾನೂ ನನ್ನ ಕುದುರೆಯೂ ನಿಮ್ಮ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಬಂದಿದ್ವಿ ಪ್ರಭೂ. ಪಾರಿವಾಳ ಇರೋದು ಮಂತ್ರಿಗಳ ಮನೆಯಲ್ಲಿ."

ದೊರೆ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಪಾರಿವಾಳವನ್ನು ರಾವುತನಿಗೇ ಕೊಟ್ಟ. ಮಂತ್ರಿಯ ತಲೆ ಉಳಿಯಿತು. ಆದರೆ ದಿನಾ ಲಾಯದಲ್ಲಿ ಪಾರಿವಾಳಕ್ಕೆ ತನ್ನ ಕೈಯಾರೆ ಹುರುಳಿ ಹಾಕೋ ಕೆಲಸ ಬಿತ್ತು.

ಅಳಿಯನಿಗೂ ಕುದುರೆ ದಳದಲ್ಲಿ ಕೊನೆಗೆ ಜಾಗ ಸಿಕ್ಕಿತು. ಮಾವ ಹುರುಳಿ ಹೊತ್ತು ಬಂದಾಗ ಕೊಂಬು ಊದಬೇಕು, ಅಷ್ಟೆ.