ನೀಲಿ ಎಮ್ಮೆಯ ಮದುವೆ

ನೆಲ್ಲಿಗುಡ್ಡದ ದೊರೆ ಕೆಂಚಪ್ಪ ನಾಯಕರಿಗೆ ಇಂಗ್ಲಿಷಿನ ಹುಚ್ಚು ಹಿಡಿಯಿತು. ಜ್ವರವಾಗಿದ್ದರೆ ಕಷಾಯ ಕುಡಿಸಬಹುದಿತ್ತು. ಇದಕ್ಕೆ ಮದರಾಸಿನಿಂದ ಮೇಷ್ಟರನ್ನೇ ಕರೆಸಿದರು, ಕಾಯಿಲೆ ಇನ್ನೂ ಜೋರಾಯಿತು.

ಮೇಷ್ಟರ ಹೆಸರು ಅಪ್ಪಾಸ್ವಾಮಿ ಮೊದಲಿಯಾರ್. "ಬಿಡಿ ಪದ ಯಾರಿಗೆ ಬೇಕಾದರೂ ಬರುತ್ತದೆ ಪ್ರಭು. ನುಡಿಗಟ್ಟು ಬರುವುದು ಕುಲೀನರಿಗೆ ಮಾತ್ರ," ಎಂದು ಅವರು ಮೊದಲ ದಿನವೇ ಹೇಳಿಬಿಟ್ಟಿದ್ದರು. ಅಂದಿನಿಂದ ದೊರೆ ದಿನಕ್ಕೊಂದು ನುಡಿಗಟ್ಟು ಉರು ಹೊಡೆದು ಬಂದು ಆಸ್ಥಾನದಲ್ಲಿ ಬಿಡುತ್ತಿದ್ದರು. ಬಿಟ್ಟೊಡನೆ ದಿವಾನರಿಂದ ಹಿಡಿದು ಚಾಮರ ಬೀಸುವವನವರೆಗೆ ಎಲ್ಲರೂ ತಲೆದೂಗಿ "ಆಹಾ" ಅನ್ನಬೇಕು. ಅರ್ಥ ಕೇಳುವ ಪದ್ಧತಿ ಅಲ್ಲಿರಲಿಲ್ಲ.

ಒಂದು ಬೆಳಿಗ್ಗೆ ದೊರೆ ಆನೆಲಾಯಕ್ಕೆ ಹೋದರು. ಆನೆಗೆ ಹೊದಿಸುವ ಜೂಲು ಒಂದು ಕಡೆ ಹರಿದಿತ್ತು. ದೊರೆ ಮಾವುತ ಮಸ್ತಾನನ ಕಡೆ ತಿರುಗಿ, "ಎ ಸ್ಟಿಚ್ ಇನ್ ಟೈಮ್ ಸೇವ್ಸ್ ನೈನ್," ಎಂದರು.

ಮಸ್ತಾನ ಕೈಕಟ್ಟಿ ನಿಂತು, "ತಿಳೀಲಿಲ್ಲ ಬುದ್ಧಿ. ಕನ್ನಡದಲ್ಲಿ ಅಪ್ಪಣೆಯಾಗಲಿ," ಅಂದ.

ಹರಕು ಚಿಕ್ಕದಿರುವಾಗಲೇ ಹೊಲಿಸಿಬಿಡು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ದೊರೆಗೆ ಕೋಪ ನೆತ್ತಿಗೇರಿತು.

"ನನ್ನ ನುಡಿಗಟ್ಟು ಅರ್ಥವಾಗದವನಿಗೆ ನನ್ನ ಸಂಸ್ಥಾನದಲ್ಲಿ ಕೆಲಸವಿಲ್ಲ. ನಾಳೆಯೇ ಹೊರಡು."

ಲಾಯದ ಪಕ್ಕದ ಮನೆಯನ್ನೂ ಬಿಡಬೇಕು. ಹೆಂಡತಿ ಪಾತ್ರೆಪಗಡಿ ಗಂಟು ಕಟ್ಟತೊಡಗಿದಳು. ಅವನು ಸಾಕಿದ ಆನೆ ಬೇರೆಯವರ ಕೈಯಿಂದ ಒಂದೆಳೆ ಹುಲ್ಲೂ ಮುಟ್ಟಲಿಲ್ಲ. ಮಸ್ತಾನ ದಿಕ್ಕು ತೋಚದೆ ಆಸ್ಥಾನದ ವಿದೂಷಕ ತಿಪ್ಪಾಜೋಯಿಸನ ಮನೆಗೆ ಬಂದ.

"ಅಲ್ಲಯ್ಯಾ, ಎಲ್ಲರ ಹಾಗೆ ನೀನೂ ತಲೆದೂಗಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?" ಎಂದ ಜೋಯಿಸ.

"ಆನೆ ಕೆಲಸ ಜೋಯಿಸರೇ. ಬುದ್ಧಿಯೋರು ಮೇಲೆ ಕೂತು ಒಂದು ಹೇಳಿ, ನಾನು ಇನ್ನೊಂದು ತಿಳ್ಕೊಂಡರೆ ಅವರ ಜೀವಕ್ಕೇ ಸಂಚಕಾರ. ತಿಳೀದೆ ಇದ್ದದ್ದಕ್ಕೆ ತಿಳೀತು ಅನ್ನೋಕೆ ನನಗೆ ಬರಾಕಿಲ್ಲ."

ಇಂಥವನನ್ನು ಕಳಿಸಿದರೆ ಉಳಿಯುವವರು ಯಾರು ಎಂದು ಜೋಯಿಸನಿಗೆ ನಿಜವಾಗಿಯೂ ಸಂಕಟವಾಯಿತು.

ಮರುದಿನ ಸಭೆಯಲ್ಲಿ ಜೋಯಿಸ ಎದ್ದು ನಿಂತ. "ಮಹಾಸ್ವಾಮಿ, ನುಡಿಗಟ್ಟು ಅರ್ಥವಾಗದವರು ಯಾರೇ ಆದರೂ ಕೆಲಸ ಬಿಡಬೇಕು ಅಂತ ತಾನೆ ಅಪ್ಪಣೆ?"

"ಯಾರೇ ಆದರೂ ಸರಿ."

"ಹಾಗಾದರೆ ನನ್ನದೂ ಒಂದು ಆಲಿಸಬೇಕು. ದಿ ಬ್ಲೂ ಬಫೆಲೋ ಮ್ಯಾರೀಡ್ ದಿ ಅಂಬ್ರೆಲಾ. ನೀಲಿ ಎಮ್ಮೆ ಛತ್ರಿಯನ್ನು ಮದುವೆಯಾಯಿತು."

"ಆಹಾ," ಎಂದಿತು ಇಡೀ ಸಭೆ.

ದಿವಾನರು ಕಣ್ಣು ಮುಚ್ಚಿ, "ಪ್ರಜೆ ಎಮ್ಮೆ, ಪ್ರಭು ಛತ್ರಿ. ಎಂಥ ರಾಜನೀತಿ," ಎಂದರು.

ದಳವಾಯಿ ಮೀಸೆ ತೀಡಿ, "ಅಲ್ಲ, ಇದು ಯುದ್ಧದ ಮಾತು. ಛತ್ರಿ ಅಂದರೆ ಗುರಾಣಿ," ಎಂದ.

ಮೊದಲಿಯಾರರು ಇಬ್ಬರನ್ನೂ ನೋಡಿ ಕನಿಕರದಿಂದ ನಕ್ಕರು. "ಮಳೆ ಬರುವ ಮೊದಲೇ ಆಸರೆ ಹುಡುಕಿಕೋ ಎಂದರ್ಥ. ಲಂಡನ್ನಿನ ಪ್ರಭುಗಳ ಬಾಯಲ್ಲಿ ಬಹಳ ಹಳೆಯ ಮಾತು."

"ನನಗೆ ಗೊತ್ತಿಲ್ಲವೇ? ಮೊನ್ನೆ ಗವರ್ನರ ಔತಣದಲ್ಲಿ ನಾನೇ ಬಳಸಿದ್ದೆ," ಎಂದರು ದೊರೆ.

ಜೋಯಿಸ ಕೈಮುಗಿದ. "ತಪ್ಪಾಯಿತು ಪ್ರಭು. ಇದನ್ನು ನಾನು ಇವತ್ತು ಬೆಳಿಗ್ಗೆ ಸ್ನಾನಕ್ಕೆ ನೀರು ತೋಡುವಾಗ ಕಟ್ಟಿದೆ. ಕಟ್ಟಿದವನಿಗೇ ತಲೆಬುಡ ಗೊತ್ತಿಲ್ಲ. ಈ ಸಂಸ್ಥಾನದಲ್ಲಿ ನುಡಿಗಟ್ಟು ಅರ್ಥವಾಗದವರು ಇಬ್ಬರೇ, ನಾನು ಮತ್ತು ಆ ಮಾವುತ. ಇಬ್ಬರನ್ನೂ ಒಟ್ಟಿಗೆ ಕಳಿಸಿಕೊಡಬೇಕು."

ದಿವಾನರು ತಮ್ಮ ಕಾಲಿನ ಬೆರಳು ನೋಡುತ್ತಾ ಕೂತರು. ದೊರೆಯ ಮುಖ ಕೆಂಪಾಯಿತು, ತುಟಿ ಅದುರಿತು, ಆಮೇಲೆ ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮಸ್ತಾನ ಲಾಯಕ್ಕೆ ಹಿಂತಿರುಗಲಿ. ನನ್ನನ್ನು ಹೊರುವ ಆನೆಗೆ ಅವನೇ ಇರಬೇಕು. ನಿನಗೇನು ಬೇಕೋ ಕೇಳು ಜೋಯಿಸ."

"ನನಗೇನೂ ಬೇಡ ಸ್ವಾಮಿ. ಮೇಷ್ಟರು ಹೇಳಿದ ಅರ್ಥ ಬಹಳ ಚೆನ್ನಾಗಿದೆ. ಅದಕ್ಕೆ ತಕ್ಕ ಗಾದೆ ಒಂದನ್ನು ಅವರೇ ಹುಡುಕಿಕೊಟ್ಟರೆ ಸಾಕು."