ರಿಗ್ರೆಟ್ಟಿಗೂ ಅಪಾಲಜಿಗೂ ನಡುವಿನ ಹೊಳೆ

ಕಪಿಲೆಯ ದಡದಲ್ಲಿ ಒಂದು ಪುಟ್ಟ ಆಶ್ರಮ. ಅಲ್ಲೊಬ್ಬ ಗುರು, ಅವರಿಗೊಬ್ಬ ಶಿಷ್ಯ. ತಮಾಷೆ ನೋಡಿ, ಇಬ್ಬರಲ್ಲಿ ಮೇಷ್ಟ್ರಾಗಿದ್ದವರು ಶಿಷ್ಯರೇ.

ಚಿದಂಬರಯ್ಯನವರು ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವರು. ನಿವೃತ್ತರಾದ ಮೇಲೆ ಮನಸ್ಸಿಗೆ ನೆಮ್ಮದಿ ಬೇಕೆಂದು ಆಶ್ರಮಕ್ಕೆ ಬಂದರು. ಬಂದವರು ಸುಮ್ಮನಿದ್ದರೇ? ಹುಟ್ಟುಗುಣ ಸುಟ್ಟರೂ ಹೋಗದು. ಒಂದು ದಪ್ಪ ನೋಟ್‌ಬುಕ್ ಹಿಡಿದು ಪುಸ್ತಕ ಬರೆಯಲು ಕೂತರು.

ಅಣ್ಣತಮ್ಮಂದಿರ ಹಾಗೆ ಕಾಣುವ ಇಂಗ್ಲಿಷ್ ಪದಗಳಿವೆಯಲ್ಲ, ಅವುಗಳ ಅರ್ಥದಲ್ಲಿರುವ ವ್ಯತ್ಯಾಸ ತಿಳಿಸುವ ಪುಸ್ತಕ. ಒಂದೊಂದು ಜೋಡಿಗೂ ಒಂದೊಂದು ಉದಾಹರಣೆ.

ದಿನಾ ಬೆಳಿಗ್ಗೆ ಒಂದು ಜೋಡಿಯನ್ನು ಗುರುಗಳಿಗೆ ಓದಿ ಹೇಳುವುದು ರೂಢಿ. ಗುರುಗಳಿಗೆ ಇಂಗ್ಲಿಷ್ ಬಾರದು. ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೇಳುತ್ತಿದ್ದರು.

"ಹಿಯರ್ ಅಂದರೆ ಸುಮ್ಮನೆ ಕಿವಿಗೆ ಬೀಳೋದು, ಬುದ್ಧಿ. ಲಿಸನ್ ಅಂದರೆ ಮನಸ್ಸಿಟ್ಟು ಆಲಿಸೋದು."

"ಹಾಗಾದ್ರೆ ಇಷ್ಟು ದಿನ ನಾನು ಮಾಡ್ತಿದ್ದದ್ದು ಮೊದಲನೇದು" ಎಂದು ಗುರುಗಳು ನಕ್ಕಿದ್ದರು.

ಇನ್ನೂರ ಹನ್ನೊಂದು ಜೋಡಿಗಳು ಸರಾಗವಾಗಿ ಮುಗಿದವು. ಇನ್ನೂರ ಹನ್ನೆರಡನೆಯದಕ್ಕೆ ಪೆನ್ನು ನಿಂತಿತು.

"ಏನು ಮೇಷ್ಟ್ರೇ, ಮೂರು ದಿನ ಆಯ್ತು, ಏನೂ ಓದಲಿಲ್ಲ?" ಗುರುಗಳು ಕೇಳಿದರು.

"ರಿಗ್ರೆಟ್ ಮತ್ತು ಅಪಾಲಜಿ, ಬುದ್ಧಿ. ಮಾಡಿದ ತಪ್ಪಿಗೆ ಒಳಗೊಳಗೇ ನೊಂದುಕೊಂಡರೆ ರಿಗ್ರೆಟ್. ತಪ್ಪಾಯ್ತು ಅಂತ ನೊಂದವರ ಎದುರು ನಿಂತು ಹೇಳಿದರೆ ಅಪಾಲಜಿ."

"ಗೊತ್ತಿದೆಯಲ್ಲ. ಬರೀರಿ ಮತ್ತೆ."

"ಉದಾಹರಣೆ ಸಿಗ್ತಾ ಇಲ್ಲ."

ಗುರುಗಳು ಒಂದು ಬೀಜ ಕಿತ್ತು ಪಕ್ಕಕ್ಕೆ ಹಾಕಿದರು.

"ಎರಡು ತಿಂಗಳಿಂದ ನೋಡ್ತಿದ್ದೀನಿ. ಆಚೆ ದಡಕ್ಕೆ ಹೋಗಬೇಕಾದ್ರೆ ನೀವು ಹರಿಗೋಲು ಹತ್ತಲ್ಲ. ಸೇತುವೆ ತನಕ ನಾಲ್ಕು ಮೈಲಿ ಸುತ್ತಿ ಹೋಗ್ತೀರಿ. ಯಾಕೆ?"

"ನಡೆದರೆ ಆರೋಗ್ಯಕ್ಕೆ ಒಳ್ಳೇದು, ಬುದ್ಧಿ."

"ಹೌದೌದು. ಅದಕ್ಕೇ ದಿನಾ ಮಂಡಿಗೆ ಎಣ್ಣೆ ತಿಕ್ಕೊಳ್ತೀರಿ."

ಚಿದಂಬರಯ್ಯ ತಲೆ ತಗ್ಗಿಸಿದರು. ಆಮೇಲೆ ಎಲ್ಲವನ್ನೂ ಹೇಳಿಬಿಟ್ಟರು.

ಹರಿಗೋಲು ನಡೆಸುವ ಶಿವನಂಜ ಇಪ್ಪತ್ತೈದು ವರ್ಷದ ಹಿಂದೆ ಅವರ ವಿದ್ಯಾರ್ಥಿ. ಅವನ ತಾಯಿ ಮಾದಮ್ಮ ಅದೇ ಕಾಲೇಜಿನ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಹುಡುಗ ಪ್ರಬಂಧದಲ್ಲಿ ತಾಯಿಯ ಬಗ್ಗೆ ಅಭಿಮಾನದಿಂದ ಬರೆದಿದ್ದ. ಅಡುಗೆಯವಳಿಗೆ ಇಂಗ್ಲಿಷಿನಲ್ಲಿ ಕುಕ್ ಅನ್ನಬೇಕು. ಅವನು, ನಮ್ಮಮ್ಮ ಒಳ್ಳೆಯ ಕುಕ್ಕರ್ ಎಂದು ಬರೆದುಬಿಟ್ಟಿದ್ದ.

ಚಿದಂಬರಯ್ಯ ಅದನ್ನು ಇಡೀ ಕ್ಲಾಸಿಗೆ ಗಟ್ಟಿಯಾಗಿ ಓದಿದರು. ಓದಿ, "ನಿಮ್ಮಮ್ಮ ಎಷ್ಟು ಸೀಟಿ ಹೊಡೀತಾರಪ್ಪಾ?" ಅಂದರು.

ಅಯ್ಯೋ, ಆವತ್ತಿನ ನಗು! ಅದು ಕ್ಲಾಸಿನಲ್ಲೇ ನಿಲ್ಲಲಿಲ್ಲ. ಹಾಸ್ಟೆಲಿನ ಪಂಕ್ತಿಯಲ್ಲಿ ಮಾದಮ್ಮ ಅನ್ನ ಬಡಿಸಲು ಬಂದರೆ ಹುಡುಗರು ಬಾಯಲ್ಲಿ ಕುಕ್ಕರಿನ ಸೀಟಿ ಹಾಕತೊಡಗಿದರು. ತಿಂಗಳೊಳಗೆ ತಾಯಿ ಮಗ ಇಬ್ಬರೂ ಕಾಲೇಜು ಬಿಟ್ಟು ಹೋದರು.

"ಅವನು ನಿಮ್ಮನ್ನ ಗುರುತು ಹಿಡಿದನೇ?" ಗುರುಗಳು ಕೇಳಿದರು.

"ಎರಡು ತಿಂಗಳ ಹಿಂದೆ ಹರಿಗೋಲು ಹತ್ತಿದ ದಿನವೇ ಹಿಡಿದ. ಚೆನ್ನಾಗಿದ್ದೀರಾ ಸಾರ್ ಅಂದ, ಅಷ್ಟೇ. ಬೈದಿದ್ದರೆ ವಾಸಿ ಇತ್ತು. ಅವತ್ತಿನಿಂದ ದಿನಾ ಕೊರಗ್ತಾ ಇದ್ದೀನಿ, ಬುದ್ಧಿ."

ಗುರುಗಳು ಬಿಡಿಸಿಟ್ಟ ಹುಣಸೆಹಣ್ಣನ್ನು ಬಟ್ಟೆಯಲ್ಲಿ ಕಟ್ಟಿ ಅವರ ಕೈಗಿತ್ತರು.

"ಆಚೆ ದಡದ ಶಾಲೆಯ ಬಿಸಿಯೂಟಕ್ಕೆ ಕೊಟ್ಟು ಬನ್ನಿ. ಹರಿಗೋಲಲ್ಲೇ ಹೋಗಿ."

ಚಿದಂಬರಯ್ಯ ಹೋದರು. ಹೊಳೆಯ ನಡುವೆ ಹೇಳಿಬಿಡೋಣ ಅಂದುಕೊಂಡರು. ನಡುವೆ ಬಂದಾಗ ಬಾಯಿಗೆ ಬಂದದ್ದೇ ಬೇರೆ.

"ಈ ಸಲ ನೀರು ಕಡಿಮೆ, ಅಲ್ವೇನಪ್ಪಾ?"

"ಹೂಂ ಸಾರ್" ಅಂದ ಶಿವನಂಜ, ಹುಟ್ಟು ಹಾಕುತ್ತಾ.

ಬರುವಾಗ ಹೇಳೋಣ ಅಂದುಕೊಂಡರು. ಬರುವಾಗಲೂ ನೀರು ಕಡಿಮೆಯೇ ಇತ್ತು. ಮಾತು ಅದರ ಮೇಲೆಯೇ ಮುಗಿಯಿತು.

"ಹೇಳಿದ್ರಾ?" ಗುರುಗಳು ಬಾಗಿಲಲ್ಲೇ ಕೇಳಿದರು.

"ಮನಸ್ಸಿನಲ್ಲಿ ನೂರು ಸಲ ಹೇಳಿದೆ, ಬುದ್ಧಿ."

"ಒಳ್ಳೇದಾಯ್ತು. ಕೈಕಾಲು ತೊಳ್ಕೊಂಡು ಊಟಕ್ಕೆ ಬನ್ನಿ."

ಎರಡು ಎಲೆ ಹಾಕಿತ್ತು. ಅಡುಗೆಮನೆಯಿಂದ ಬಿಸಿ ಸಾರಿನ ಘಮ ಬರುತ್ತಿತ್ತು. ಚಿದಂಬರಯ್ಯ ಎಲೆಗೆ ನೀರು ಚಿಮುಕಿಸಿ ಕಾದರು. ಗುರುಗಳು ತಮ್ಮ ಎಲೆಯ ಮುಂದೆ ಕೂತು ಕಣ್ಣು ಮುಚ್ಚಿ ಕೈಮುಗಿದರು.

"ಊಟ ಮಾಡಿ ಮೇಷ್ಟ್ರೇ, ಆರಿಹೋಗುತ್ತೆ."

"ಎಲೆ ಖಾಲಿ ಇದೆ, ಬುದ್ಧಿ."

"ಬಡಿಸಿದೆನಲ್ಲ."

"ಎಲ್ಲಿ?"

"ಮನಸ್ಸಿನಲ್ಲಿ. ಅನ್ನ, ಸಾರು, ಹುರುಳೀಕಾಯಿ ಪಲ್ಯ. ತುಪ್ಪಾನೂ ಹಾಕಿದೀನಿ. ಇನ್ನೊಂದು ಸಲ ಬಡಿಸ್ಲಾ? ಸಂಕೋಚ ಪಟ್ಕೋಬೇಡಿ."

ಚಿದಂಬರಯ್ಯನವರಿಗೆ ನಗು ಬಂತು. ಪಕ್ಕಕ್ಕೆ ತಿರುಗಿ ನೋಡಿದರು. ಗುರುಗಳ ಎಲೆಯ ಮೇಲೂ ಏನೂ ಇರಲಿಲ್ಲ. ಎಂಬತ್ತು ದಾಟಿದ ಜೀವ ತಮಗಾಗಿ ಉಪವಾಸ ಕೂತಿದೆಯಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಎದ್ದು ಹೊಳೆಯ ಕಡೆ ನಡೆದರು.

ಶಿವನಂಜ ಹರಿಗೋಲನ್ನು ದಡದಲ್ಲಿ ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದ.

"ಶಿವನಂಜಾ, ಅವತ್ತು ಕ್ಲಾಸಲ್ಲಿ ನಿನ್ನನ್ನೂ ನಿನ್ನ ತಾಯಿಯನ್ನೂ ನಗೆಪಾಟಲು ಮಾಡಿದೆ. ನೀನು ಬರೆದದ್ದು ಸಣ್ಣ ತಪ್ಪು. ನಾನು ಮಾಡಿದ್ದು ದೊಡ್ಡ ತಪ್ಪು. ತಪ್ಪಾಯ್ತಪ್ಪಾ."

ಅಷ್ಟು ಹೇಳುವಾಗ ಅವರಿಗೆ ಮೂವತ್ತೆರಡು ವರ್ಷ ಕಲಿಸಿದ ಇಂಗ್ಲಿಷಿನ ಒಂದು ಪದವೂ ನೆನಪಾಗಲಿಲ್ಲ.

ಶಿವನಂಜ ಕೈ ನಿಲ್ಲಿಸಿದ.

"ಆವಾಗ ನಮ್ಮವ್ವ ಕೇಳಿದ್ಲು ಸಾರ್, ಯಾಕ್ಲಾ ಮಗಾ ಎಲ್ಲಾರೂ ನನ್ನ ಕಂಡ್ರೆ ಸೀಟಿ ಹಾಕ್ತಾರೆ ಅಂತ. ನಾನು ಹೇಳ್ನಿಲ್ಲ. ಇವತ್ತಿಗೂ ಹೇಳಿಲ್ಲ. ನಾನು ಬರೆದಿದ್ದರಿಂದ ಅಂತ ಹೆಂಗೆ ಹೇಳ್ಲಿ? ತನ್ನ ಅಡುಗೇನೇ ಚೆನ್ನಾಗಿರ್ನಿಲ್ಲ ಅನ್ಕೊಂಡವ್ಳೆ. ಆಮೇಲೆ ಎಲ್ಲೂ ನಾಕು ಜನಕ್ಕೆ ಅಂತ ಒಲೆ ಹಚ್ಚಲಿಲ್ಲ ಅವಳು."

ಅವನು ಮತ್ತೆ ಡಾಂಬರಿಗೆ ಕೈ ಹಾಕಿದ.

"ಆಚೆ ದಡದಾಗೆ ಮನೇಲೇ ಅವ್ಳೆ. ಹೇಳೋದಾದ್ರೆ ಅವಳಿಗೆ ಹೇಳಿ. ಸಾಯಂಕಾಲದೊಳಗೆ ಇದು ಒಣಗ್ತದೆ, ದಾಟಿಸ್ತೀನಿ."

ಕ್ಷಮಿಸಿದೆ ಅನ್ನಲಿಲ್ಲ. ಕ್ಷಮಿಸುವುದಿಲ್ಲ ಅಂತಲೂ ಅನ್ನಲಿಲ್ಲ.

ಚಿದಂಬರಯ್ಯ ಆಶ್ರಮಕ್ಕೆ ಬಂದು ನಡೆದದ್ದನ್ನೆಲ್ಲ ಹೇಳಿ ಗುರುಗಳ ಮುಂದೆ ಕುಸಿದು ಕೂತರು. ಅವರ ಕಣ್ಣಲ್ಲಿ ನೀರಿತ್ತು.

"ಇಷ್ಟು ವರ್ಷ ಆ ತಾಯಿ ತನ್ನದೇ ತಪ್ಪು ಅಂದುಕೊಂಡಿದ್ದಾಳೆ, ಬುದ್ಧಿ. ಹೋಗಲೇಬೇಕು, ಹೋಗ್ತೀನಿ. ಆದರೆ ಭಯ ಆಗುತ್ತೆ. ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡರೆ? ಕ್ಷಮಿಸದೇ ಹೋದರೆ? ಬರಿಗೈಲಿ ವಾಪಸ್ ಬರಬೇಕಾಗುತ್ತಲ್ಲ?"

ಗುರುಗಳು ಅವರ ಹೆಗಲ ಮೇಲೆ ಕೈಯಿಟ್ಟರು.

"ಕೊಡೋಕೆ ಹೋದೋರು ಬರಿಗೈಲೇ ಅಲ್ವೇ ಮೇಷ್ಟ್ರೇ, ಬರಬೇಕಾದ್ದು?"