ಕುಸುಬೆ ಕೆಂಪು ಮತ್ತು ಇಬ್ಬರು ನೆಗೆಣ್ಣಿಯರು

ಬಣ್ಣಗಾರರ ಓಣಿಯ ಒಂದು ಮನೆಯಲ್ಲಿ ಅಣ್ಣತಮ್ಮಂದಿರ ಹೆಂಡಿರಿಬ್ಬರು ಕೂಡಿ ಸೀರೆಗೆ ಬಣ್ಣ ಹಾಕುತ್ತಿದ್ದರು. ಹಿರಿಯಳು ಹಂಪವ್ವ, ಕಿರಿಯಳು ಸಕ್ರವ್ವ.

ಕುಸುಬೆ ಹೂವಿನ ಕೆಂಪು ಬಲು ಬಿಗುಮಾನದ್ದು, ಮಕ್ಕಳೇ. ಬರೀ ನೀರಿಗೆ ಅದು ಜಗ್ಗುವುದಿಲ್ಲ. ಹಂಪವ್ವ ಹೂವನ್ನು ಬೂದಿನೀರಿನಲ್ಲಿ ಹಿಸುಕಿದರೆ ಮಾತ್ರ ಹೊರಗೆ ಬರುತ್ತಿತ್ತು. ಬಂದರೂ ಬಟ್ಟೆಗೆ ಹತ್ತುತ್ತಿರಲಿಲ್ಲ. ಆಗ ಸಕ್ರವ್ವ ನಿಂಬೆಹಣ್ಣು ಹಿಂಡುತ್ತಿದ್ದಳು. ಮಂಕಾಗಿದ್ದ ನೀರು ಕೆಂಪೇರಿ, ಬಣ್ಣ ನೂಲಿನ ಮೇಲೆ ಕೂರುತ್ತಿತ್ತು. ಬೂದಿನೀರು ಕ್ಷಾರ, ನಿಂಬೆರಸ ಆಮ್ಲ ಎಂದು ನೀವು ಶಾಲೆಯಲ್ಲಿ ಕಲಿಯುತ್ತೀರಿ. ಅವರಿಗೆ ಆ ಹೆಸರುಗಳು ಗೊತ್ತಿರಲಿಲ್ಲ, ಜಗಳ ಮಾತ್ರ ಚೆನ್ನಾಗಿ ಗೊತ್ತಿತ್ತು.

"ಬಣ್ಣ ತೆಗೆಯಾಕಿ ನಾನು. ನೀ ಬರೇ ಹುಳಿ ಹಿಂಡಾಕಿ," ಎಂದು ಹಂಪವ್ವ ಚುಚ್ಚುತ್ತಿದ್ದಳು. ಸಕ್ರವ್ವನಿಗೆ ಬಹಳ ನೋವಾಗುತ್ತಿತ್ತು.

ಆ ಸಲ ಹೂವಿನ ಕಾಲ ಮುಗಿದು, ಕೊನೆಗೆ ಉಳಿದದ್ದು ಅದೇ ಓಣಿಯ ತಾಯಿಯಿಲ್ಲದ ಹುಡುಗಿ ಬಾಳವ್ವನ ಮದುವೆ ಸೀರೆ. ಅದಕ್ಕೆ ಬೇಕಾದ ಹೂವನ್ನು ಅವಳೇ ಬೆರಳಿಗೆ ಮುಳ್ಳು ಚುಚ್ಚಿಸಿಕೊಂಡು ಬಿಡಿಸಿ ತಂದಿದ್ದಳು. ಮರುದಿನವೇ ಮದುವೆ. ಸಂಜೆ, ಬಣ್ಣ ಹಾಕಿ ಒಣಗಿಸಿದ ಸೀರೆ ಮಡಿಚುವಾಗ ಹಂಪವ್ವನ ಕೈತಪ್ಪಿ ಅದರ ಮೇಲೆ ದೀಪದ ಎಣ್ಣೆ ಚೆಲ್ಲಿತು.

"ಅಕ್ಕಾ, ಕಡ್ಲಿಹಿಟ್ಟು ಉದುರಸೋಣು, ಎಣ್ಣಿ ಹೀರಕೋತೈತಿ," ಎಂದಳು ಸಕ್ರವ್ವ.

"ಬೂದಿನೀರಿಗೆ ಹೋಗದ ಜಿಡ್ಡು ಯಾವುದೈತಿ? ನನಗ ಹೇಳಿಕೊಡಬ್ಯಾಡ!"

ಹಂಪವ್ವ ಸೀರೆಯನ್ನು ಬೂದಿನೀರಿನ ಗಡಿಗೆಯಲ್ಲಿ ಅದ್ದಿಯೇಬಿಟ್ಟಳು. ಜಿಡ್ಡು ಹೋಯಿತು. ಕೆಂಪೂ ಹೋಯಿತು! ಸೀರೆ ಮಾಸಿದ ಹಳದಿಗೆ ತಿರುಗಿತು. ಅವಳು ಸೀರೆ ಹಿಂಡಿ ತೆಗೆದಿಟ್ಟಳು. ಯಾರೂ ನೋಡದಿರಲೆಂದು ನೀರನ್ನು ಮೋರಿಗೆ ಚೆಲ್ಲಲು ಗಡಿಗೆ ಎತ್ತಿದಳು.

ಸಕ್ರವ್ವನಿಗೆ ಒಂದು ಗಳಿಗೆ ಒಳಗೊಳಗೇ ಖುಷಿಯಾಯಿತು. ಇವಳಿಗೆ ಹೀಗೇ ಆಗಬೇಕು ಅನ್ನಿಸಿತು. ಆದರೆ ಬಾಳವ್ವನ ಬೆರಳುಗಳು ನೆನಪಾದವು. ಓಡಿಬಂದು ಗಡಿಗೆ ಹಿಡಿದುಕೊಂಡಳು.

"ಚೆಲ್ಲಬ್ಯಾಡ ಅಕ್ಕಾ! ಬಣ್ಣ ಎಲ್ಲೂ ಹೋಗಿಲ್ಲ, ಈ ನೀರಾಗ ಐತಿ. ತಡಾ ಮಾಡಿದ್ರ ಕೆಡತೈತಿ."

ಅವಳು ನಿಂಬೆರಸವನ್ನು ಸ್ವಲ್ಪ ಸ್ವಲ್ಪವೇ ಹಾಕಿದಳು. ನೀರು ಬುಸುಬುಸು ನೊರೆಯೆದ್ದಿತು. ನಡುನಡುವೆ ಅರಿಶಿನ ಹಚ್ಚಿದ ದಾರ ಅದ್ದಿ ನೋಡಿದಳು. ದಾರ ಕೆಂಪಾದರೆ ಬೂದಿಯ ಸೊಕ್ಕು ಇನ್ನೂ ಇಳಿದಿಲ್ಲವೆಂದೇ ಅರ್ಥ. ಕಡೆಗೆ ದಾರ ಹಳದಿಯಾಗಿಯೇ ಉಳಿಯಿತು. ಇನ್ನಷ್ಟು ಹುಳಿ ಬಿದ್ದಾಗ ನೀರು ಕೆಂಪೇರಿತು. ಸೀರೆಯನ್ನು ಅದರಲ್ಲೇ ನೆನೆಯಿಟ್ಟು ಇಬ್ಬರೂ ಕಾದು ಕೂತರು. ಮೊದಲಿಗಿಂತ ಒಂದು ಎಳೆ ತೆಳುವಾದರೂ ಬಣ್ಣ ಮರಳಿ ಬಂತು.

ಬೆಳಿಗ್ಗೆ ಬಾಳವ್ವ ಸೀರೆ ಉಟ್ಟು ಬಂದು ಕೇಳಿದಳು: "ಎಷ್ಟ ಚೆಂದ ಐತಿ! ಯಾರ ಕೈಯಾಗ ಬಂತು ಈ ಬಣ್ಣ?"

ಹಂಪವ್ವ ತಲೆ ತಗ್ಗಿಸಿದಳು. "ನನ್ನ ಕೈಯಾಗ ಹೋಗಿತ್ತವ್ವಾ. ನನ್ನ ತಂಗಿ ಕೈಯಾಗ ಬಂತು."

ಸಕ್ರವ್ವನನ್ನು ಅವಳು ತಂಗಿ ಎಂದು ಕರೆದದ್ದು ಅದೇ ಮೊದಲು.

ನೀತಿ: ನಮಗೆ ವಿರುದ್ಧ ಗುಣದವರೆಲ್ಲ ನಮ್ಮ ವೈರಿಗಳಲ್ಲ. ನಾವು ಕೆಡಿಸಿದ್ದನ್ನು ಸರಿಪಡಿಸುವ ಶಕ್ತಿ ಅವರಲ್ಲೇ ಇರಬಹುದು. ತಪ್ಪಾದಾಗ ನಾಚಿಕೊಂಡು ಮುಚ್ಚಿಡದೆ ಅವರ ಮಾತಿಗೆ ಕಿವಿಗೊಡಬೇಕು.